ಬಟ್ಟೆಯ ಮೇಲೆ ಉಳಿದದ್ದು

ಎಡಗಾಲಿಯ ಗ್ರೀಸ್ ಮುಚ್ಚಳ ತೆಗೆಯುವ ಮೊದಲೇ ಒಳಗೆ ಏನು ಇಲ್ಲವೆಂಬುದು ಮುಜಫರನಿಗೆ ಗೊತ್ತಿತ್ತು. ಆದರೂ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮುಚ್ಚಳದ ಅಂಚನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತ, ಬೇರೆ ಯಾವನೋ ಮಿಸ್ತ್ರಿಯ ಕೆಲಸವನ್ನು ಮೊದಲ ಸಲ ನೋಡುವವನಂತೆ ಮುಖ ಮಾಡಿಕೊಂಡು ಕೂತಿದ್ದ. ನೋಡುವವರೇನೂ ಹೆಚ್ಚಿಗಿರಲಿಲ್ಲ. ಹೇಮಂತ ಒಬ್ಬ, ಅವನೂ ಕೈಯಲ್ಲೊಂದು ಕಾಗದ ಹಿಡಿದು ಅದರಲ್ಲೇ ಮುಳುಗಿದ್ದ. ಆದರೆ ಮುಖ ಮಾಡಿಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ಮೂವತ್ತಮೂರು ವರ್ಷದಿಂದ ಹೇಮಂತನ ಮನೆತನದವರು ಯಾರೇ ಎದುರಾದರೂ ಅವನು ಮೊದಲು ಮುಖವನ್ನು ಸರಿಮಾಡಿಕೊಂಡೇ ಮಾತಿಗಿಳಿಯುತ್ತಿದ್ದ. ಮುಚ್ಚಳ ಕಳಚಿ ಅಂಗೈಗೆ ಬಿತ್ತು. ಒಳಗಿನ ಗ್ರೀಸು ಹಳೆಯ ಬೆಲ್ಲದಂತೆ ಕಂದಿ ಗಟ್ಟಿಯಾಗಿತ್ತು. ಅದರ ನಡುವೆ ನಟ್ಟು, ನಟ್ಟಿನ ತೂತಿನಲ್ಲಿ ಪಿನ್ನು. ಪಿನ್ನಿನ ಎರಡೂ ಕಾಲನ್ನು ಒಂದೇ ಕಡೆಗೆ ಬಗ್ಗಿಸುವುದು ಅವನೊಬ್ಬನ ಚಟ. ಆ ಚಟಕ್ಕೆ ಅವನ ಅಪ್ಪ ದಾವೂದಸಾಬ ಬೈಯುತ್ತಿದ್ದ, ಒಂದು ಅತ್ತ, ಒಂದು ಇತ್ತ ಬಗ್ಗಿಸಬೇಕು, ಅಂದರೆ ಭದ್ರ. ಇಲ್ಲಿ ಎರಡೂ ಕಾಲು ಎಡಕ್ಕೆ ಬಗ್ಗಿದ್ದವು. ತಾನು ಇಪ್ಪತ್ತಾರು ವರ್ಷದವನಿದ್ದಾಗಿನ ಸಹಿಯನ್ನು ಯಾರೋ ಕಚೇರಿಯಲ್ಲಿ ಎದುರಿಗೆ ಹಿಡಿದು, ಇದು ನಿನ್ನದೇ ಹೌದೋ ಅಲ್ಲವೋ ಎಂದು ಕೇಳಿದಂತಾಯಿತು ಮುಜಫರನಿಗೆ.

ಪಕ್ಕದಲ್ಲಿ ಬಿಳಿಯ ಬಟ್ಟೆ ಹಾಸಿದ್ದ. ಇದು ದಾವೂದಸಾಬನ ಕಾಲದಿಂದ ಅಣ್ಣಿಗೇರಿಯ ಈ ಗ್ಯಾರೇಜಿನಲ್ಲಿ ನಡೆದುಬಂದ ಪದ್ಧತಿ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಬಟ್ಟೆಯ ಮೇಲೆ ಇಡಬೇಕು, ಹಾಕುವಾಗ ಬಲದಿಂದ ಎಡಕ್ಕೆ ಎತ್ತಿಕೊಳ್ಳುತ್ತ ಬರಬೇಕು, ಕೊನೆಗೆ ಬಟ್ಟೆ ಖಾಲಿ ಇರಬೇಕು. ಖಾಲಿ ಬಟ್ಟೆಯನ್ನು ಗಿರಾಕಿಯ ಎದುರಿಗೇ ಜಾಡಿಸಿ ಮಡಚುತ್ತಿದ್ದ ದಾವೂದಸಾಬ. ಅವನಿಗೆ ಓದು ಬರುತ್ತಿರಲಿಲ್ಲ, ಬಟ್ಟೆಯೇ ಅವನ ಪುಸ್ತಕ. ಮುಜಫರ್ ಮುಚ್ಚಳ ಇಟ್ಟ, ಪಿನ್ನು ಇಟ್ಟ, ನಟ್ಟು, ವಾಶರು, ಹೊರಗಿನ ಬೇರಿಂಗು ಇಟ್ಟ. ಆಮೇಲೆ ಗಾಲಿಯ ನಡುಭಾಗದ ಗುಂಭವನ್ನೇ ಎರಡೂ ಕೈಯಿಂದ ಎಳೆದು, ಒಳಗಿನ ಬೇರಿಂಗನ್ನು ತೆಗೆದು ಅದರ ಬಾಜು ಇಟ್ಟ. ಎರಡು ಬೇರಿಂಗುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ತಾನಾಗಿ ಬಿಟ್ಟುಹೋಗಿತ್ತು. ಕೈ ಬೇಕಂತಲೇ ಬಿಟ್ಟಿತೋ ಮರೆತು ಬಿಟ್ಟಿತೋ ಅವನಿಗೇ ತಿಳಿಯಲಿಲ್ಲ. ಗಡಬಡಿಸಿ ಎರಡನ್ನೂ ಹತ್ತಿರ ಸರಿಸಿದ.

"ಕಾಕಾ," ಅಂದ ಹೇಮಂತ, ಕಾಗದ ಮುಂದೆ ಹಿಡಿದು. ಹೊಸ ಬೇರಿಂಗಿನ ಡಬ್ಬಿಯೊಳಗೆ ಮಡಚಿಟ್ಟಿದ್ದ ಚಿತ್ರ ಅದು, ಒಂದೊಂದು ಭಾಗಕ್ಕೂ ಒಂದೊಂದು ನಂಬರು ಹಾಕಿತ್ತು. "ಇಲ್ಲೆ ಐದನೇ ನಂಬರ್ ಅಂತ ಒಂದು ಕೊಳವಿ ತೋರಿಸ್ಯಾರ ನೋಡ್ರಿ, ಎರಡು ಬೇರಿಂಗಿನ ನಡುವ. ಆರನೇದ್ದು ತೆಳ್ಳನ್ನ ಬಳಿ. ನಮ್ಮದರಾಗ ಅವು ಎಲ್ಲೆ ಅದಾವ್ರಿ?"

"ಎಲ್ಲಾ ಮಾಡೆಲ್ಲಿಗೂ ಇರಂಗಿಲ್ಲಪಾ ಅದು."

"ಹೌದ್ರಿ? ಡಬ್ಬ್ಯಾಗೂ ಇಲ್ಲ ಬಿಡ್ರಿ. ನಿಮಗ ಗೊತ್ತಿಲ್ಲದ್ದು ಇದರಾಗ ಏನೈತಿ."

ಅಷ್ಟು ಸಲೀಸಾಗಿ ನಂಬಿದ. ಸ್ವಲ್ಪ ಅನುಮಾನ ಪಟ್ಟಿದ್ದರೂ ಮುಜಫರನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಹೇಮಂತನಿಗೆ ಮೂವತ್ತೈದು ವರ್ಷ, ಪೇಟೆಯಲ್ಲಿ ಕಾಳಿನ ಅಡತಿ ಅಂಗಡಿ. ತಂದೆ ಹೊಳೆಪ್ಪ ಮೂವತ್ತಮೂರು ವರ್ಷದ ಹಿಂದೆ ದನದ ಕೊಟ್ಟಿಗೆಗೆ ದೂಡಿಸಿ ಬಾಗಿಲು ಹಾಕಿದ್ದ ಈ ಎರಡು ಸೀಟಿನ, ಮೇಲ್ಛಾವಣಿ ಇಲ್ಲದ ವಿಲಾಯತಿ ಗಾಡಿಯನ್ನು ಅವನು ಹೋದ ವರ್ಷ ಹಠ ಹಿಡಿದು ಹೊರಗೆ ತೆಗೆಸಿದ್ದ. ಊರ ಜನ ಇದನ್ನು ಬೋಳಗಾಡಿ ಎನ್ನುತ್ತಿದ್ದರು. ಎಂಜಿನ್ನು, ಮೈ, ಹಸಿರು ಬಣ್ಣ ಎಲ್ಲ ಹುಬ್ಬಳ್ಳಿಯಲ್ಲಾಗಿತ್ತು, ಬಲಗಾಲಿಯ ಮುರಿದ ಆಕ್ಸಲ್ಲಿಗೆ ಹೊಸದು ಪುಣೆಯಿಂದ ಬಂದಿತ್ತು. ಮುಂದಿನ ಗಾಲಿಗಳ ಬೇರಿಂಗು ಮಾತ್ರ ಮುಜಫರ್ ಕಾಕಾನ ಕೈಯಿಂದಲೇ ಆಗಬೇಕೆಂದು ಅವನೇ ಹೇಳಿ ಇಲ್ಲಿಗೆ ತಂದಿದ್ದ. ಆ ಕೈ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

"ಅಪ್ಪಾರು ಊಟಾ ಮಾಡಿ ಬರತೇನಂದಾರ್ರಿ," ಅಂದ ಹೇಮಂತ, ಬೈಕಿನ ಕೀಲಿ ತಿರುಗಿಸುತ್ತ. "ಹೊರಗ ತೆಗದಾಗಿಂದ ಒಮ್ಮೆನೂ ಹೊಳ್ಳಿ ನೋಡಿದ್ದಿಲ್ಲ. ಇವತ್ತ ತಾವ ಆಗಿ ಕೇಳಿದ್ರು, ಮುಜಫರ್ ಗಾಲಿ ಬಿಚ್ಯಾನೇನು ಅಂತ. ಒಮ್ಮೆ ಅವರನ್ನ ಇದರಾಗ ಕುಂದ್ರಿಸಿ ತಿರಿಗ್ಯಾಡಿಸಬೇಕಂತ ನನ್ನ ಆಸೇರಿ. ಸಂಜಿಯೊಳಗ ಆಗತೈತಿಲ್ರಿ?"

"ಆಗತೈತಿ," ಅಂದ ಮುಜಫರ್.

ಬೈಕಿನ ಸದ್ದು ರೈಲು ಗೇಟಿನ ಕಡೆ ಕರಗಿದ ಮೇಲೆ ಅವನು ಕೈ ಒರೆಸಿಕೊಂಡು, ಹೊಸ ಬೇರಿಂಗುಗಳ ಡಬ್ಬಿ ಬಿಚ್ಚಿದ. ಇವನ್ನು ಆರಿಸಲು ಮಂಗಳವಾರ ಹೇಮಂತನ ಜತೆ ಹುಬ್ಬಳ್ಳಿಗೆ ಹೋಗಿದ್ದ. ಅಂಗಡಿಯವನು ಮೂರು ತರಹದ್ದು ಎದುರಿಗಿಟ್ಟಿದ್ದ. ಮೊದಲನೆಯದರ ಹೊಳಪು ವಿಪರೀತ, ಆದರೆ ಉರುಳೆಗಳನ್ನು ಹಿಡಿದಿಡುವ ತಗಡಿನ ಪಂಜರ ಬೆರಳಿಗೆ ಅಲುಗಾಡುತ್ತಿತ್ತು. ಎರಡನೆಯದರ ಮೇಲಿನ ನಂಬರು ಸರಿ ಇತ್ತು, ಅಕ್ಷರಗಳು ಮಾತ್ರ ಉಗುರಿಗೆ ತಾಕುವಷ್ಟು ಒರಟು. ಮೂರನೆಯದನ್ನು ಅವನು ಅಂಗೈಯಲ್ಲಿಟ್ಟುಕೊಂಡು ಒಣದಾಗಿಯೇ ತಿರುಗಿಸಿದ, ಕಿವಿಯ ಹತ್ತಿರ ಹಿಡಿದ, ಬೆಳಕಿಗೆ ಒಂದೊಂದೇ ಉರುಳೆ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಅಂಗಡಿಯವನು, "ಏನ್ ಮಿಸ್ತ್ರಿ, ಹೆಣ್ಣ ನೋಡಾಕ ಬಂದೀರೇನು?" ಎಂದು ನಕ್ಕ. ಹೇಮಂತನೂ ನಕ್ಕ. ಮುಜಫರ್ ನಗಲಿಲ್ಲ. ಅಳತೆಕಡ್ಡಿ ಇಸಿದುಕೊಂಡು ಅಗಲವನ್ನು ಮೂರು ಸಲ ಅಳೆದ. ಆಮೇಲೆ ಹೇಮಂತ ಚಹಾ ಹೇಳಲು ಹೊರಗೆ ಹೋದಾಗ ದನಿ ತಗ್ಗಿಸಿ ತೆಳ್ಳನೆಯ ಬಳೆಗಳನ್ನು ಕೇಳಿದ, ಕಾಗದದಷ್ಟು ತೆಳ್ಳಗಿನವು, ಬೇರೆ ಬೇರೆ ದಪ್ಪದವು. ಪುಡಿಕೆ ಕಟ್ಟಿಸಿ ಅಂಗಿಯ ಒಳಗಿಸೆಗೆ ಹಾಕಿಕೊಂಡ. ಕಳ್ಳಮಾಲು ಕೊಳ್ಳುವವನ ಹಾಗೆ ಬಾಗಿಲ ಕಡೆ ನೋಡಿದ. ಯಾರಿಗೂ ಹೇಳದೆ ಸರಿಮಾಡಿಬಿಡುವುದು ಅಂದೇ ಗಟ್ಟಿಯಾಗಿತ್ತು ಅವನ ಮನಸ್ಸಿನಲ್ಲಿ. ಕೊಳವೆ ತನ್ನ ಹತ್ತಿರ ಇದೆ, ಬಳೆಗಳು ಬಂದವು, ಗಾಡಿ ಹೇಗಿರಬೇಕೋ ಹಾಗಾಗುತ್ತದೆ. ಹೇಮಂತನ ಜೀವಕ್ಕೆ ಅಪಾಯವಿಲ್ಲ. ಇಷ್ಟಾದ ಮೇಲೆ ಹೇಳುವುದು ಏನು ಉಳಿಯುತ್ತದೆ?

ಈ ಗಾಲಿಗೆ ಮೊದಲ ಸಲ ಕೈಹಾಕಿದ ಅಂದೂ ಹುಬ್ಬಳ್ಳಿಗೇ ಹೋಗಿದ್ದ, ಆದರೆ ಒಬ್ಬನೇ. ದಾವೂದಸಾಬ ಕಣ್ಣಿನ ಪೊರೆ ತೆಗೆಸಿಕೊಂಡು ಎಂಟು ದಿನ ದವಾಖಾನೆಯಲ್ಲಿದ್ದ. ಹೊಳೆಪ್ಪ ಬೋಳಗಾಡಿ ತಂದು ನಿಲ್ಲಿಸಿ, ಗಾಲಿಯಲ್ಲಿ ಗುರ್ ಅನ್ನುತ್ತದೆ ನೋಡು ಅಂದಿದ್ದ. ಅಪ್ಪ ಬರಲಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪನ ಹೆಸರಿನ ಗ್ಯಾರೇಜಿನಲ್ಲಿ, ಅಪ್ಪ ಇಲ್ಲದ ಎಂಟು ದಿನದಲ್ಲಿ, ವಿಲಾಯತಿ ಗಾಡಿಯ ಗಾಲಿ ತಾನೊಬ್ಬನೇ ಬಿಚ್ಚಿ ಹಾಕಿದೆನೆಂದು ಹೇಳಿಕೊಳ್ಳುವ ಆಸೆ ಇಪ್ಪತ್ತಾರು ವರ್ಷದವನಿಗೆ ದೊಡ್ಡದಿತ್ತು. ಸರಿಯಾದ ಬೇರಿಂಗು ಸಿಗಲಿಲ್ಲ. ಸಿಕ್ಕಿದ್ದನ್ನು ತಂದ. ಒಳತೂತು ಸರಿ, ಹೊರಸುತ್ತು ಸರಿ, ಅಗಲ ಮಾತ್ರ ಕೂದಲೆಳೆ ಕಡಿಮೆ. ಕೊಳವೆ ಹಾಕಿ ನಟ್ಟು ಬಿಗಿದರೆ ಗಾಲಿ ಲೊಡಲೊಡ ಅನ್ನುತ್ತಿತ್ತು. ತೆಳ್ಳನೆಯ ಬಳೆಗಳನ್ನೆಲ್ಲ ತೆಗೆದು ನೋಡಿದ, ಆಗಲೂ ಲೊಡಲೊಡ. ಆಗ ಅವನಿಗೆ ಹೊಳೆಯಿತು, ಟ್ರ್ಯಾಕ್ಟರಿನ ಗಾಲಿಯಲ್ಲಿ ಈ ಕೊಳವೆ ಎಲ್ಲಿದೆ? ಟ್ರೇಲರಿನಲ್ಲಿ? ಅಂಬಾಸಿಡರಿನಲ್ಲಿ? ಎರಿಹೊಲದ ಕೆಸರಿನಲ್ಲಿ ನೂರು ಚೀಲ ಹೇರಿಕೊಂಡು ಎಳೆಯುವ ಗಾಲಿಗೇ ಬೇಡವಾದದ್ದು ಈ ಆಟಿಕೆಯಂಥ ಗಾಡಿಗೆ ಯಾಕೆ? ಕೊಳವೆ ತೆಗೆದುಹಾಕಿದ. ನಮ್ಮ ಕಡೆ ಟ್ರ್ಯಾಕ್ಟರಿಗೆ ಮಾಡುವ ಹಾಗೆ ನಟ್ಟನ್ನು ಪೂರ್ತಿ ಬಿಗಿದು, ಒಂದು ಹಲ್ಲಿನಷ್ಟು ಹಿಂದಕ್ಕೆ ಬಿಟ್ಟು, ಪಿನ್ನು ಹಾಕಿದ. ಗಾಲಿ ರೇಷ್ಮೆಯಂತೆ ತಿರುಗಿತು. ಹೊಳೆಪ್ಪ ಊರೆಲ್ಲ ಸುತ್ತಿ ಬಂದು ಅವನ ಬೆನ್ನಿಗೆ ಹೊಡೆದು, "ಸಾಬರ ಕೈಗಿಂತ ನಿನ್ನ ಕೈ ಚಲೋ ಐತಿ ಬಿಡಲೇ," ಅಂದಿದ್ದ. ಆ ಮಾತು ಎಷ್ಟು ಹಿತವಾಗಿತ್ತು! ಆ ಹಿತ ನೆನಪಾದಾಗ ಇಂದಿಗೂ ಮುಜಫರನಿಗೆ ಯಾರೋ ಎಲ್ಲರೆದುರು ಬಟ್ಟೆ ಬಿಚ್ಚಿಸಿದಷ್ಟು ನಾಚಿಕೆಯಾಗುತ್ತದೆ.

ಎರಡೂ ಗಾಲಿಯ ಎರಡು ಕೊಳವೆ ಬಟ್ಟೆಯ ಮೇಲೆ ಉಳಿದಿದ್ದವು. ದವಾಖಾನೆಯಿಂದ ಬಂದ ದಾವೂದಸಾಬ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡೇ ಅವನ್ನು ಕೈಯಿಂದ ಮುಟ್ಟಿ ನೋಡಿದ. "ಏನಿದು?" ಅಂದ. "ಹೆಚ್ಚಿಗಿತ್ತು, ಅಬ್ಬಾ." "ವಿಲಾಯತಿಯಿಂದ ಹೆಚ್ಚಿಗಿ ಹಾಕಿ ಕಳಸ್ತಾರೇನು? ಗಾಡಿ ತರಸು, ಬಿಚ್ಚು." ತರಿಸಬೇಕಿತ್ತು. ಎಂಟು ತಿಂಗಳು ಸಮಯವಿತ್ತು. ಹೊಳೆಪ್ಪ ವಾರಕ್ಕೊಮ್ಮೆ ಎದುರಾಗುತ್ತಿದ್ದ. ಪ್ರತಿ ಸಲ ಬಾಯಿ ತೆರೆಯುವಾಗ ಬೆನ್ನ ಮೇಲಿನ ಆ ಹೊಡೆತ ನೆನಪಾಗುತ್ತಿತ್ತು, ನನ್ನ ಕೈ ಚಲೋ ಅಲ್ಲ, ತಿರುಗಿ ಬಿಚ್ಚಬೇಕು ಎಂದು ಹೇಳುವುದು ಹೇಗೆ? ಮಳೆ ನಿಲ್ಲಲಿ ಅಂದುಕೊಂಡ, ಸುಗ್ಗಿ ಮುಗಿಯಲಿ ಅಂದುಕೊಂಡ. ಅಪ್ಪ ಕೇಳಿದಾಗ ನಾಳೆ ಬರುತ್ತದೆ ಎಂದ. ಕಡಲೆ ಕೀಳುವ ಕಾಲಕ್ಕೆ ಹೊಳೆಪ್ಪ ತನ್ನ ತಂಗಿ ಗುರವ್ವನನ್ನು ಕೂರಿಸಿಕೊಂಡು ಯಮನೂರಿಗೆ ಹೋದ. ಅವಳ ಮದುವೆ ಗೊತ್ತಾಗಿತ್ತು, ಅಲ್ಲಿನ ದರ್ಗಾಕ್ಕೆ ಸಕ್ಕರೆಯ ಹರಕೆ ಇತ್ತು. ತಿರುಗಿ ಬರುವಾಗ, ಊರು ನಾಲ್ಕು ಮೈಲಿ ಇರುವಾಗ, ಹಳ್ಳದ ಸೇತುವೆಯ ಈಚೆಗೆ ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ಉರುಳಿತು.

ಟ್ರ್ಯಾಕ್ಟರು ತೆಗೆದುಕೊಂಡು ಗಾಡಿ ಎಳೆಯಲು ಹೋದವನು ಮುಜಫರನೇ. ಆ ಹೊತ್ತಿಗೆ ಗುರವ್ವನ ಹೆಣ ಒಯ್ದಿದ್ದರು. ಪ್ರಸಾದದ ಸಕ್ಕರೆಯ ಪೊಟ್ಟಣ ಒಡೆದು ಕರಿಮಣ್ಣಿನ ಮೇಲೆ ಬೆಳ್ಳಗೆ ಚೆಲ್ಲಿತ್ತು, ಇರುವೆ ಸಾಲುಗಟ್ಟಿದ್ದವು. ಬಲಗಾಲಿ ಐವತ್ತು ಹೆಜ್ಜೆ ದೂರ ಕಡಲೆಯ ಸಾಲಿನಲ್ಲಿ ಬಿದ್ದಿತ್ತು. ಗಾಡಿ ಬಿದ್ದ ಹೊಡೆತಕ್ಕೆ ಗಾಲಿ ಮುರಿಯಿತು ಅಂದರು ಜನ. ಹೊಳೆಪ್ಪ ಹಣೆಯಿಂದ ರಕ್ತ ಇಳಿಯುತ್ತಿದ್ದರೂ ಬದುವಿನ ಮೇಲೆ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ, "ನನಗ ಜೊಂಪ ಹತ್ತಿರಬೇಕು. ಕಣ್ಣ ಮುಚ್ಚಿರಬೇಕು ನಾ. ಏನೂ ನೆಪ್ಪಿಲ್ಲ." ಮುಜಫರ್ ಬಗ್ಗಿ ಮುರಿದ ಆಕ್ಸಲ್ಲಿನ ಮುಖ ನೋಡಿದ. ಆ ಮುಖ ಅರ್ಧ ಕಪ್ಪಗಿತ್ತು, ಅರ್ಧ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹೊಳೆಯುವುದು ಅಂದು ಮುರಿದ ಭಾಗ. ಕಪ್ಪಗಿನದು ತಿಂಗಳುಗಟ್ಟಲೆ ಹಿಂದಿನಿಂದ ಒಳಗೊಳಗೇ ಸೀಳುತ್ತ ಬಂದದ್ದು. ಕೊಳವೆ ಇದ್ದಿದ್ದರೆ ಎರಡು ಬೇರಿಂಗನ್ನೂ ಒಂದಕ್ಕೊಂದು ಬಿಗಿದು ಹಿಡಿದು ಆ ಸಣ್ಣ ಆಕ್ಸಲ್ಲಿಗೆ ಬಲ ಕೊಡುತ್ತಿತ್ತು, ಇಲ್ಲದ್ದಕ್ಕೆ ಅದು ಪ್ರತಿ ತಗ್ಗಿನಲ್ಲೂ ಬಾಗಿ ಬಾಗಿ ದಣಿದಿತ್ತು. ಅಷ್ಟು ತಿಳಿಯಲು ಅವನಿಗೆ ಚಿತ್ರವೂ ಬೇಕಿರಲಿಲ್ಲ, ನಂಬರೂ ಬೇಕಿರಲಿಲ್ಲ. ಕೈಯಲ್ಲಿದ್ದ ಗ್ರೀಸನ್ನು ಆ ಮುಖಕ್ಕೆ ಒರೆಸಿದ. ಯಾರಿಗೂ ಕಾಣದಂತೆ, ಏನೋ ಸ್ವಚ್ಛ ಮಾಡುವವನ ಹಾಗೆ ಒರೆಸಿದ. ಇದೊಂದು ಕೆಲಸಕ್ಕೆ ಅವನ ಕೈ ತಡವರಿಸಲಿಲ್ಲ.

ಅಂದಿನಿಂದ ಹೊಳೆಪ್ಪ ಸ್ಟೇರಿಂಗು ಹಿಡಿಯಲಿಲ್ಲ, ಟ್ರ್ಯಾಕ್ಟರನ್ನೂ ಆಳಿನ ಕೈಯಿಂದ ಹೊಡೆಸಿದ. ದಾವೂದಸಾಬ ಏನೂ ಕೇಳಲಿಲ್ಲ. ಗುರವ್ವನ ಮಣ್ಣಿಗೆ ಹೋಗಿ ಬಂದ ದಿನ ಕೊಳವೆ ಎರಡನ್ನೂ ಎಲ್ಲಿಂದಲೋ ತೆಗೆದ. ಒಂದನ್ನು ಹಳೆಯ ತಗಡಿನ ಡಬ್ಬಿಯಲ್ಲಿಟ್ಟ. ಇನ್ನೊಂದನ್ನು ತೊಳೆದು ಗ್ಯಾರೇಜಿನ ಗೂಡಿನಲ್ಲಿ ನಿಲ್ಲಿಸಿ, ಅದರೊಳಗೆ ಮರಳು ತುಂಬಿ ಊದಿನಕಡ್ಡಿ ಸಿಕ್ಕಿಸಿ ಹಚ್ಚಿದ. ಆಮೇಲೆ ಸಾಯುವವರೆಗೆ ಹದಿನಾಲ್ಕು ವರ್ಷ, ಪ್ರತಿ ಶುಕ್ರವಾರ ಅದರಲ್ಲೇ ಹಚ್ಚಿದ. ಹಚ್ಚುವಾಗ ಮಗನ ಕಡೆ ನೋಡುತ್ತಿರಲಿಲ್ಲ. ಒಂದು ಸಲ ನೋಡಿದ್ದರೆ, ಒಂದು ಸಲ ಬೈದಿದ್ದರೆ ಹೊಡೆದಿದ್ದರೆ ಮುಜಫರ್ ಓಡಿಹೋಗಿ ಹೊಳೆಪ್ಪನ ಕಾಲು ಹಿಡಿಯುತ್ತಿದ್ದನೇನೋ. ಅಥವಾ ಅದೂ ಸುಳ್ಳು, ಹಿಡಿಯುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅವನೇ ಹಚ್ಚತೊಡಗಿದ. ಬಿಡಲು ಧೈರ್ಯವಾಗಲಿಲ್ಲ. ಹೆಂಡತಿ ಮುಮತಾಜ್ ಹಬ್ಬಕ್ಕೊಮ್ಮೆ ಅದನ್ನು ಬೂದಿ ಹಚ್ಚಿ ಬೆಳಗಿ, ಮಾವನ ಕೈಯ ವಸ್ತು ಎಂದು ಹಣೆಗೊತ್ತಿಕೊಂಡು ಇಡುತ್ತಿದ್ದಳು. ಟ್ರ್ಯಾಕ್ಟರಿನ ಕೆಲಸಕ್ಕೆ ಬಂದಾಗ ಹೊಳೆಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ, ಎಷ್ಟೋ ಸಲ ಆ ಕೊಳವೆಯನ್ನು ಕೈಗೆತ್ತಿಕೊಂಡು ತಿರುಗಿಸುತ್ತ ಮಾತಾಡಿದ್ದಾನೆ. ಆಗೆಲ್ಲ ಮುಜಫರನ ಕಣ್ಣು ಅವನ ಬೆರಳುಗಳ ಮೇಲೆಯೇ ಇರುತ್ತಿತ್ತು.

ಹೇಮಂತ ಹೋದ ಮೇಲೆ ಮುಜಫರ್ ಜುಮ್ಮಾ ನಮಾಜು ಮುಗಿಸಿ ಬಂದ. ಮಸೀದಿಯಲ್ಲಿ ಕೈ ಕಟ್ಟಿ ನಿಂತಾಗಲೂ ಉಗುರಿನ ಸಂದಿಯ ಆ ಕಂದುಬಣ್ಣದ ಗ್ರೀಸು ಕಾಣುತ್ತಿತ್ತು. ಹೊಳೆಪ್ಪ ಬರುವ ಮೊದಲೇ ಮುಗಿಸಬೇಕೆಂದು ಗೂಡಿನ ಕೊಳವೆ ತೆಗೆದು ಮರಳು ಸುರುವಿದ, ಡಬ್ಬಿಯ ಕೊಳವೆಯನ್ನೂ ತೆಗೆದ, ಎರಡನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ಬ್ರಶ್ಶಿನಿಂದ ತಿಕ್ಕಿದ. ಮೂವತ್ತಮೂರು ವರ್ಷದ ಹೊಗೆ ಕರಗಿ, ಗಂಧದ ವಾಸನೆಯೂ ಸೀಮೆಎಣ್ಣೆಯ ವಾಸನೆಯೂ ಕೂಡಿ ಎದ್ದವು. ಎಡಗಾಲಿಯ ಹಳೆಯ ಆಕ್ಸಲ್ಲನ್ನು ಒರೆಸಿ, ಉಗುರು ಎಳೆದು, ಎಲ್ಲೂ ಸೀಳಿಲ್ಲವೆಂದು ನೋಡಿಕೊಂಡ. ಹೊಸ ಒಳಬೇರಿಂಗಿಗೆ ಗ್ರೀಸು ತುಂಬಿ ಕೂರಿಸಿದ, ಕೊಳವೆ ತೂರಿಸಿದ, ಎರಡು ತೆಳ್ಳನೆಯ ಬಳೆ ಹಾಕಿದ, ಹೊರಗಿನ ಬೇರಿಂಗು ಇಟ್ಟು ನಟ್ಟು ಬಿಗಿದ. ಗಾಲಿಯ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದ. ಹೆಬ್ಬೆರಳಿಗೆ ಮಾತ್ರ ತಿಳಿಯುವಷ್ಟು, ಕಣ್ಣಿಗೆ ಕಾಣದಷ್ಟು ಸಡಿಲು. ಮೊದಲ ಸಲಕ್ಕೇ ಹೊಂದಿತು! ಇಷ್ಟೇ ಇತ್ತು. ಸರಿಯಾದ ಬೇರಿಂಗಿಗಾಗಿ ಎಂಟು ದಿನ ಕಾದಿದ್ದರೆ, ಇಷ್ಟೇ ಇತ್ತು. ಅವನು ಗಾಲಿಗೆ ಹಣೆ ಹಚ್ಚಿ ಕೂತುಬಿಟ್ಟ.

"ಊದಿನಕಡ್ಡಿ ಎದರಾಗ ಹಚ್ಚಿದ್ಯೋ ಇವತ್ತ?"

ಹೊಳೆಪ್ಪ ಬಾಗಿಲಲ್ಲಿ ನಿಂತಿದ್ದ. ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ವಿಭೂತಿಯ ಕೆಳಗೆ ಹಳೆಯ ಗಾಯದ ಗೀರು. ಅವನ ಕಣ್ಣು ಗಾಡಿಯ ಮೇಲಿರಲಿಲ್ಲ. ಗಾಡಿಯನ್ನು ನೋಡುವುದು ತಪ್ಪಿಸಲೆಂದೇ ಗೂಡನ್ನು ನೋಡುತ್ತಿದ್ದ. ಗೂಡು ಖಾಲಿ ಇತ್ತು, ಊದಿನಕಡ್ಡಿ ಕಿಟಕಿಯ ಬಿರುಕಿನಲ್ಲಿ ಸಿಕ್ಕಿತ್ತು.

"ಬರ್ರಿ ಹೊಳೆಪ್ಪಣ್ಣಾ. ಕುಂದರ್ರಿ."

ಹೊಳೆಪ್ಪ ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಬಹಳ ಪ್ರಯಾಸದಿಂದ ಕತ್ತು ಹೊರಳಿಸಿ ಗಾಡಿಯ ಎಡಸೀಟನ್ನು ನೋಡಿದ. "ಹೇಮಂತ ಕುಂದರ್ರಿ ಕುಂದರ್ರಿ ಅಂತಾನ," ಅಂದ. "ಅವಂಗ ಏನ್ ಗೊತ್ತು. ಎರಡು ವರ್ಷದ ಕೂಸಿತ್ತದು ಆವಾಗ. ನಾ ನಿನ್ನ ಕೇಳಾಕ ಬಂದೇನಿ ಮುಜಫರ್. ಮನಿಯಾಗ ಕೇಳಾಕ ಬಾಯಿ ಬರೂದಿಲ್ಲ. ಆವತ್ತ ಗಾಡಿ ಎಳದಾಂವ ನೀನ. ರಸ್ತಾದ ಮ್ಯಾಲೆ ಬ್ರೇಕ್ ಹಾಕಿದ ಗುರುತಾದ್ರೂ ಇತ್ತೇನು? ಒಂದ್ ಗೀಟಾದ್ರೂ? ನಾ ಕಣ್ಣ ತೆರದಿದ್ನೆ ಏನು ಅನ್ನೂದಷ್ಟ ಗೊತ್ತಾದ್ರ ಸಾಕು. ಇಷ್ಟ್ ವರ್ಷ ಕೇಳಬೇಕಂತ ಬರತಿದ್ದೆ, ಚಹಾ ಕುಡದು ಹೋಗತಿದ್ದೆ."

ಮುಜಫರನ ಮುಖ ತಾನಾಗಿಯೇ ಸರಿಯಾಗತೊಡಗಿತು, ಹುಬ್ಬು ತುಸು ಮೇಲೆ, ತುಟಿ ತುಸು ಬಿಗಿ. ಇತ್ತು, ಉದ್ದಕ್ಕೆ ಬ್ರೇಕಿನ ಗೀಟಿತ್ತು ಎಂದುಬಿಟ್ಟರೆ ಸಾಕು. ಅವನಿಗೂ ನೆಮ್ಮದಿ, ನಾನೂ ಪಾರು. ಅಷ್ಟು ಸುಲಭದ ಸುಳ್ಳು. ಅದನ್ನು ನಾಲಿಗೆಯ ತುದಿಗೆ ತಂದುಕೊಂಡು ಒಂದು ಗಳಿಗೆ ಇಟ್ಟುಕೊಂಡ. ಇಬ್ಬರೂ ಒಂದೇ ಬೆಂಚಿಗೆ ಬಂದು, ಒಬ್ಬ ಕೇಳದೆ, ಒಬ್ಬ ಹೇಳದೆ, ಎಷ್ಟು ಬಟ್ಟಲು ಚಹಾ ಕುಡಿದಿದ್ದೇವೆ ಅನಿಸಿತು. ಅವನ ಕೈ ಬಟ್ಟೆಯ ಮೇಲಿದ್ದ, ಬಲಗಾಲಿಗೆಂದು ತೊಳೆದಿಟ್ಟ ಎರಡನೆಯ ಕೊಳವೆಯನ್ನು ಎತ್ತಿ ಹೊಳೆಪ್ಪನ ಅಂಗೈಯಲ್ಲಿಟ್ಟಿತು.

"ಇದು ಈ ಗಾಡೀದು," ಅಂದ. "ಊದಿನಕಡ್ಡೀದೂ ಈ ಗಾಡೀದ. ಗಾಲಿ ಒಳಗ ಇರಬೇಕಾದ್ದು. ನೀವು ಗುರ್ ಅಂತೈತಿ ನೋಡು ಅಂದಿದ್ರಿ, ಅಬ್ಬಾ ಇದ್ದಿದ್ದಿಲ್ಲ. ನನಗ ಹೊಂದಲಿಲ್ಲ, ತಗದು ಒಗದೆ. ಇದು ಇಲ್ಲದ್ದಕ್ಕ ಆಕ್ಸಲ್ಲು ಸೀಳಿತ್ರಿ. ಬಿದ್ದ ಮ್ಯಾಲೆ ಮುರದದ್ದಲ್ಲ ಅದು, ಮುರದದ್ದಕ್ಕ ಗಾಡಿ ಬಿತ್ತು. ನಾ ಅಲ್ಲೇ ನೋಡಿದೆ. ನೋಡಿ ಗ್ರೀಸ್ ಒರಸಿದೆ. ಅಬ್ಬಾ ಬಿಚ್ಚು ಬಿಚ್ಚು ಅಂತ ಹೇಳಿದ್ದ ಎಂಟ್ ತಿಂಗಳ. ನೀವು ನನ್ನ ಕೈ ಚಲೋ ಅಂದಿದ್ರೆಲ್ಲ, ಅದಕ್ಕ ಹೇಳಾಕ ಆಗಲಿಲ್ಲ."

ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿ ಕೆಡವಿದ ಮಾತು ಹೊರಗೆ ಬಂದಾಗ ಒಂದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಗದಗಿನ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ಹೊಳೆಪ್ಪ ಕೊಳವೆಯನ್ನು ಎಂದಿನಂತೆ ಬೆರಳಲ್ಲಿ ತಿರುಗಿಸುತ್ತಿದ್ದ. ತಿರುಗಿಸುವುದು ನಿಂತಿತು.

"ಹಂಗಾರ ನಾ ಮಲಗಿದ್ದಿಲ್ಲ," ಅಂದ.

"ಇಲ್ರಿ."

"ನಾ ಕಣ್ಣ ಮುಚ್ಚಿದ್ದಿಲ್ಲ."

"ಇಲ್ಲಣ್ಣಾ."

"ನಮ್ಮವ್ವ ಹನ್ನೊಂದು ವರ್ಷ ಬದಕಿದ್ಲು ಆಮ್ಯಾಲೆ. ಹನ್ನೊಂದು ವರ್ಷ ನನ್ನ ಕೈಲೆ ಒಂದ್ ತಂಬಗಿ ನೀರ ಇಸ್ಕೊಳ್ಳಲಿಲ್ಲ ಆಕಿ. ಸಾಯೂ ಮುಂದ ಬಾಯಿಗಿ ನೀರ ಬಿಡಾಕ ಹ್ವಾದೆ. ಹಲ್ಲ ಕಚ್ಚಿ ಹಿಡದ್ಲು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಯಾರಿಗೋ ಊರಿನ ದಾರಿ ಹೇಳುವವನ ಹಾಗೆ ಹೇಳುತ್ತಿದ್ದ. "ಸಾವಿತ್ರೆವ್ವ ಅಂತ ಆಕಿ ಹೆಸರು. ನಿನಗ ಗೊತ್ತಿಲ್ಲೇನು, ರಮಜಾನ್ ತಿಂಗಳದಾಗ ನಿಮ್ಮ ಮನಿಗಿ ಖರ್ಜೂರ ಕಳಸತಿದ್ಲು."

ಮುಜಫರ್ ಕೆಳಗೆ ಕೂತ. ಕಾಲು ಹಿಡಿಯಬೇಕೆಂದೇ ಕೂತಿದ್ದ, ಕೈ ಮಾತ್ರ ಮುಂದೆ ಹೋಗಲಿಲ್ಲ. ಕಾಲು ಹಿಡಿದರೆ ಅದೂ ಒಂದು ಮುಖ ಮಾಡಿಕೊಂಡಂತೆಯೇ ಅನಿಸಿತು. ಹೊಳೆಪ್ಪ ಅವನನ್ನು ನೋಡದೆ, ಕೊಳವೆಯನ್ನು ಬಟ್ಟೆಯ ಮೇಲೆ, ಎರಡು ಬೇರಿಂಗುಗಳ ನಡುವೆ, ಅದು ಇರಬೇಕಾದಲ್ಲಿಯೇ ಇಟ್ಟ.

"ಹಾಕು. ನನ್ನ ಮುಂದ ಹಾಕು."

ಹಾಕಿದ. ಹೊಳೆಪ್ಪ ಬೆಂಚಿನ ತುದಿಗೆ ಸರಿದು ಮೊಣಕಾಲ ಮೇಲೆ ಕೈಯೂರಿ, ಗ್ರೀಸು ತುಂಬುವ ಬೆರಳನ್ನೂ ಬಳೆ ಎಣಿಸುವ ಬೆರಳನ್ನೂ ರೆಪ್ಪೆ ಹೊಡೆಯದೆ ನೋಡಿದ. ಬಲಗಾಲಿ ಸುಲಭಕ್ಕೆ ಹೊಂದಲಿಲ್ಲ. ಬಳೆ ಎರಡಕ್ಕೆ ಬಿಗಿ, ಮೂರಕ್ಕೆ ಸಡಿಲು. ದಪ್ಪ ಬದಲಿಸಿ ನಾಲ್ಕು ಸಲ ಬಿಚ್ಚಿ ಹಾಕಬೇಕಾಯಿತು. ಪ್ರತಿ ಸಲವೂ ಮುಜಫರನ ಬೆವರು ಗಲ್ಲದಿಂದ ಇಳಿದು ಬಟ್ಟೆಯ ಮೇಲೆ ಬಿತ್ತು, ಪ್ರತಿ ಸಲವೂ ಹೊಳೆಪ್ಪ ಒಂದೇ ಮಾತು ಕೇಳಿದ, "ಆತೇನು?" ಆಗಿಲ್ಲ ಎಂದು ಹೇಳುವುದು ಈಗ ಅವನಿಗೆ ಕಷ್ಟವಾಗಲಿಲ್ಲ. ಐದನೆಯ ಸಲ ಹೊಂದಿತು. ಎರಡೂ ಗಾಲಿಯಲ್ಲಿ ಪಿನ್ನಿನ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಬಗ್ಗಿಸಿದ. ಮುಚ್ಚಳ ಬಡಿದ, ಗಾಲಿ ಏರಿಸಿದ, ಜಾಕು ಇಳಿಸಿದ. ಬಟ್ಟೆ ಖಾಲಿಯಾಗಿತ್ತು. ಜಾಡಿಸಿ ಮಡಚಲು ಎತ್ತಿದವನು ಗಿರಾಕಿಯ ಮುಖ ನೋಡಲಾಗದೆ ಹಾಗೇ ಮುದುಡಿ ಬಗಲಲ್ಲಿಟ್ಟುಕೊಂಡ.

"ಕೀಲಿ ಎಲ್ಲೈತಿ?" ಅಂದ ಹೊಳೆಪ್ಪ.

"ಅದರಾಗ ಐತ್ರಿ. ಹೇಮಂತ ಬರಲಿ..."

"ಹೇಮಂತಗ ನಾ ಹೇಳತೇನಿ, ಅವರವ್ವ ಕಸ್ತೂರೆವ್ವಗೂ ನಾ ಹೇಳತೇನಿ. ನೀ ಹತ್ತು."

ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಹೊಳೆಪ್ಪ ಬಲಸೀಟಿಗೆ ಇಳಿದು ಕೂತ. ಎಡಸೀಟನ್ನು ಕಣ್ಣಿನಿಂದಲೇ ತೋರಿಸಿದ. ಮುಜಫರ್ ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಟ್ಟ. "ಹಿಂದ ಸೀಟಿಲ್ಲ ಇದಕ," ಅಂದ ಹೊಳೆಪ್ಪ. "ಆಕಿ ಅಲ್ಲೇ ಕುಂತಿದ್ಲು. ಕುಂಡ್ರು."

ಹೊಸ ಚರ್ಮದ ವಾಸನೆಯ ಆ ಸೀಟಿನಲ್ಲಿ ಮುಜಫರ್ ಕೈಗಳನ್ನು ತೊಡೆಯ ಮೇಲೆ ಸೇರಿಸಿಕೊಂಡು, ಬಟ್ಟೆಯ ಮುದ್ದೆ ಹಿಡಿದು ಕೂತ. ಗಾಡಿ ಎರಡು ಸಲ ಜಗ್ಗಿ ನಿಂತಿತು. ಮೂರನೆಯ ಸಲ ಹೊರಟಿತು. ಹೊಳೆಪ್ಪನ ಕೈಯಲ್ಲಿ ಗೇರು ಮೊದಲು ಕಿರುಗುಟ್ಟುತ್ತಿತ್ತು. ಪೇಟೆಯ ಜನ ಅಂಗಡಿಯ ಕಟ್ಟೆಯಿಂದ ಎದ್ದು ನಿಂತು ನೋಡಿದರು. ಊರು ದಾಟಿ ನವಲಗುಂದದ ರಸ್ತೆ ಹಿಡಿಯುವ ಹೊತ್ತಿಗೆ ಕೈಗೆ ಹಳೆಯದು ನೆನಪಾಗಿತ್ತು. ಎರಡೂ ಬದಿಗೆ ಕಡಲೆ ಒಣಗಿ ನಿಂತಿತ್ತು, ಅಲ್ಲಲ್ಲಿ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಸುತ್ತಿಕೊಂಡು ಕೀಳುತ್ತಿದ್ದರು. ಮುಜಫರನ ಜೀವವೆಲ್ಲ ಕಿವಿಯಾಗಿತ್ತು. ಗಾಳಿಯ ಸದ್ದು, ಎಂಜಿನ್ನಿನ ಸದ್ದು, ಅದರ ಕೆಳಗೆ ಟಾರಿನ ಮೇಲೆ ಟೈರಿನ ಸದ್ದು. ಅದರ ಕೆಳಗೆ ಏನೂ ಇರಲಿಲ್ಲ. ಇಲ್ಲಿ ಗುರವ್ವನೂ ಹೀಗೇ ಕೂತು ಈ ಹೊಲಗಳನ್ನೇ ನೋಡುತ್ತ, ತೊಡೆಯ ಮೇಲೆ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು, ಅವಳಿಗೆ ಆ ಗಾಲಿಯ ಮೇಲೆ ಅನುಮಾನವೇ ಇರಲಿಲ್ಲ. ಅವನಿಗೆ ಅಳು ಬಂತು. ಅಂದು ಬರಬೇಕಿದ್ದ ಅಳು ಅದು, ಗಾಳಿಗೆ ಕಿವಿಯ ಕಡೆ ಹರಿದುಹೋಯಿತು.

ಹಳ್ಳದ ಸೇತುವೆಯ ಈಚೆಗೆ ಹೊಳೆಪ್ಪ ಗಾಡಿ ನಿಲ್ಲಿಸಿದ. ಇಬ್ಬರೂ ಇಳಿಯಲಿಲ್ಲ. ಹೊಲ ಈಗ ಬೇರೆಯವರದು, ಬದುವಿಗೆ ತಂತಿ ಬೇಲಿ ಬಂದಿತ್ತು.

"ಮುಟ್ಟಿ ನೋಡು," ಅಂದ ಹೊಳೆಪ್ಪ.

ಓಡಿಸಿ ತಂದ ಗಾಲಿಯ ಗುಂಭವನ್ನು ಕೈಯಿಂದ ಮುಟ್ಟಿ ನೋಡುವುದು ಮಿಸ್ತ್ರಿಗಳ ರೂಢಿ, ಬಿಗಿಯಾಗಿದ್ದರೆ ಸುಡುತ್ತದೆ. ಮುಜಫರ್ ಇಳಿದ. ಎಡಗಾಲಿಯ ಹತ್ತಿರ ಕೂತು ಅಂಗೈಯಿಟ್ಟ. ಸುತ್ತಿ ಬಂದು ಬಲಗಾಲಿಗೆ ಅಂಗೈಯಿಟ್ಟ. ಎರಡೂ ಉಗುರುಬೆಚ್ಚಗಿದ್ದವು.

"ಚಲೋ ಐತ್ರಿ," ಅಂದ, ಕೂತಲ್ಲಿಂದಲೇ.

ಹೊಳೆಪ್ಪ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ಕಣ್ಣು ಅಗಲವಾಗಿ ತೆರೆದಿದ್ದವು. "ನಾ ಯಮನೂರಿಗೆ ಹೋಗಿ ಬರತೇನಿ," ಅಂದ. "ನೀ ಇಲ್ಲಿಂದ ನಡಕೋತ ಹೋಗು." ಮುಜಫರ್ ಏಳುವಷ್ಟರಲ್ಲಿ ಗಾಡಿ ಹೊರಟಿತ್ತು. ಸೇತುವೆ ಹತ್ತಿತು, ಇಳಿಯಿತು, ಕಡಲೆಯ ಹೊಲಗಳ ನಡುವೆ ಸಣ್ಣದಾಗುತ್ತ ಹೋಯಿತು. ಅವನು ರಸ್ತೆಯ ಮೇಲೆ ನಿಂತು ಎರಡೂ ಗಾಲಿಗಳಿಗೆ ಕಿವಿಗೊಟ್ಟ. ಸದ್ದು ಪೂರ್ತಿ ನಿಂತ ಮೇಲೂ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಬಟ್ಟೆಯ ಮುದ್ದೆ ಬಿಡಿಸಿ, ಒಮ್ಮೆ ಜಾಡಿಸಿ, ನಾಲ್ಕು ಮಡಿಕೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಊರಿನ ಕಡೆ ನಡೆದ.